ಹಿಡಿತದಲ್ಲಿ ಬಲವಿದ್ದರೆ ಸಾಲದು, ಅದು ತಟ್ಟನೆ ಬರಬೇಕು

ಪ್ರಶ್ನೆ: ನನಗೆ 24 ವರ್ಷ, ತೂಕ 70 ಕೆ.ಜಿ. ಮಂಡ್ಯ ಕಡೆಯ ಒಂದು ಊರಿನ ಕಬಡ್ಡಿ ತಂಡದಲ್ಲಿ ಎಡ ಕಾರ್ನರ್ (ರಕ್ಷಣಾ ಸಾಲಿನ ಎಡ ತುದಿ) ಆಡುತ್ತೇನೆ. ಆರು ತಿಂಗಳಿಂದ ಬೆಳಿಗ್ಗೆ ನೂರು, ಸಂಜೆ ನೂರು ಸಲ 40 ಕೆ.ಜಿ.ಯ ಹ್ಯಾಂಡ್ ಗ್ರಿಪ್ಪರ್ (ಮುಷ್ಟಿಯಲ್ಲಿ ಒತ್ತುವ ಸ್ಪ್ರಿಂಗ್ ಹಿಡಿ) ಒತ್ತುತ್ತಿದ್ದೇನೆ. ಮುಂಗೈ ದಪ್ಪವಾಗಿದೆ. ಆದರೆ ಆ್ಯಂಕಲ್ ಹೋಲ್ಡ್‌ಗೆ (ರೈಡರ್‌ನ ಹರಡು ಹಿಡಿಯುವ ಪಟ್ಟು) ಕೈ ಹಾಕಿದರೆ ಕಾಲು ಸಿಗುತ್ತದೆ, ಮರುಕ್ಷಣ ಜಾರಿ ಹೋಗುತ್ತದೆ. ಗ್ರಿಪ್ಪರನ್ನು ಇನ್ನೂ ಸ್ಪೀಡಾಗಿ ಒತ್ತಿದರೆ 'ಎಕ್ಸ್‌ಪ್ಲೋಸಿವ್' ಹಿಡಿತ ಬರುತ್ತದೆ ಎಂದು ಜಿಮ್‌ನಲ್ಲಿ ಹೇಳುತ್ತಾರೆ. ನಿಜವೇ? ಈಗೀಗ ಮೊಣಕೈಯ ಒಳಬದಿ ನೋಯುತ್ತಿದೆ. ಮುಂದುವರಿಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ಮುಂದುವರಿಸಬೇಡಿ. ಗ್ರಿಪ್ಪರನ್ನು ಇವತ್ತೇ ಬದಿಗಿಡಿ, ಕನಿಷ್ಠ ಎಂಟು ವಾರ ಮುಟ್ಟಬೇಡಿ. ಕಾರಣ ಮುಂದೆ ಬರುತ್ತದೆ.

ಮೊದಲ ಪ್ರಶ್ನೆಗೆ ಬರೋಣ. ಕಾಲು ಸಿಗುತ್ತದೆ, ಆಮೇಲೆ ಜಾರುತ್ತದೆ ಎಂದಿದ್ದೀರಿ. ನಿಮ್ಮ ಕಣ್ಣು, ಅಂದಾಜು, ಕೈ ಚಾಚುವ ವೇಗ ಇವೆಲ್ಲ ಸರಿಯಾಗಿವೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಕಾಲು ಕೈಗೆ ಸಿಗುತ್ತಲೇ ಇರಲಿಲ್ಲ. ಕೊರತೆ ಇರುವುದು ಬೆರಳು ತಾಗಿದ ಕ್ಷಣದಿಂದ ಹಿಡಿತ ಬಿಗಿಯಾಗುವವರೆಗಿನ ಆ ಚಿಕ್ಕ ಅವಧಿಯಲ್ಲಿ. ಸಡಿಲವಾಗಿದ್ದ ಕೈ ತನ್ನ ಪೂರ್ತಿ ಬಲಕ್ಕೆ ಏರಲು ಸಾಮಾನ್ಯವಾಗಿ 0.3 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ರೈಡರ್ ಕಾಲು ಕಿತ್ತುಕೊಳ್ಳಲು ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಅಂದರೆ ನಿಮ್ಮ ಮುಷ್ಟಿಯಲ್ಲಿರುವ ಗರಿಷ್ಠ ಬಲ ಬಳಕೆಗೆ ಬರುವ ಹೊತ್ತಿಗೆ ಕಾಲು ಅಲ್ಲಿರುವುದೇ ಇಲ್ಲ. ಒಬ್ಬನ ಹಿಡಿತ ನಿಧಾನವಾಗಿ 50 ಕೆ.ಜಿ.ಗೆ ಏರುತ್ತದೆ, ಇನ್ನೊಬ್ಬನದು 42ರಲ್ಲೇ ನಿಲ್ಲುತ್ತದೆ ಆದರೆ ತಾಗಿದ ಕೂಡಲೇ 30 ದಾಟುತ್ತದೆ ಎಂದಿಟ್ಟುಕೊಳ್ಳಿ. ಪಂಜಾ ಕುಸ್ತಿಗೆ ಮೊದಲನೆಯವನು ಸರಿ, ಕಾರ್ನರ್‌ಗೆ ಬೇಕಾದವನು ಎರಡನೆಯವನು. ನೀವು ಆರು ತಿಂಗಳಿಂದ ಬೆಳೆಸಿರುವುದು ಇವೆರಡನ್ನೂ ಅಲ್ಲ. ದಿನಕ್ಕೆ ಇನ್ನೂರು ಸಲ ಒತ್ತುವುದರಿಂದ ಬರುವುದು ಮುಖ್ಯವಾಗಿ ದಣಿವು ತಡೆಯುವ ಶಕ್ತಿ.

ಅದನ್ನೇ ಇನ್ನೂ ಸ್ಪೀಡಾಗಿ ಮಾಡಿದರೆ? ಆಗಲೂ ಅದೇ ಕಥೆ. ಇಪ್ಪತ್ತನೆಯ ಒತ್ತಿನ ಹೊತ್ತಿಗೆ ಸ್ನಾಯು ದಣಿದಿರುತ್ತದೆ, ಕೈ ಲಯಕ್ಕೆ ಬಿದ್ದಿರುತ್ತದೆ, ಯಾವ ಒತ್ತಿನಲ್ಲೂ ಪೂರ್ತಿ ಜೋರು ಇರುವುದಿಲ್ಲ. ಈ ವಿಷಯದಲ್ಲಿ ವೇಗ ಎಂದರೆ ನಿಮಿಷಕ್ಕೆ ಎಷ್ಟು ಸಲ ಎಂಬ ಎಣಿಕೆಯಲ್ಲ. ಒಂದೇ ಒಂದು ಒತ್ತಿನಲ್ಲಿ ಬಲ ಸೊನ್ನೆಯಿಂದ ಎಷ್ಟು ಕಡಿದಾಗಿ ಏರುತ್ತದೆ ಎಂಬುದು.

ನರಕ್ಕೆ ಕೊಡುವ ತರಬೇತಿ

ಸ್ನಾಯುವಿನ ಎಳೆಗಳು ಗುಂಪು ಗುಂಪಾಗಿ ಕೆಲಸ ಮಾಡುತ್ತವೆ, ಪ್ರತಿ ಗುಂಪನ್ನೂ ಒಂದು ನರಕೋಶ ಆಳುತ್ತದೆ. ನಿಧಾನವಾಗಿ ಮುಷ್ಟಿ ಬಿಗಿದರೆ ಮೊದಲು ಚಿಕ್ಕ ಗುಂಪುಗಳು, ಕೊನೆಗೆ ದೊಡ್ಡವು ಸೇರಿಕೊಳ್ಳುತ್ತವೆ. ಅಮೆರಿಕದ ನರವಿಜ್ಞಾನಿ ಎಲ್ವುಡ್ ಹೆನೆಮನ್ ಗುರುತಿಸಿದ ಈ ಕ್ರಮ ತಟ್ಟನೆ ಬಿಗಿಯುವಾಗಲೂ ಅಳಿಸಿಹೋಗುವುದಿಲ್ಲ. ಆದರೆ ಆಗ ದೊಡ್ಡ ಗುಂಪುಗಳು ಬಹಳ ಬೇಗ ಕರೆಗೆ ಓಗೊಡುತ್ತವೆ, ಜೊತೆಗೆ ಶುರುವಿನಲ್ಲೇ ನರಗಳು ಒಂದರ ಬೆನ್ನಿಗೆ ಒಂದು ಸಂಕೇತ ಸಿಡಿಸುತ್ತವೆ. ಈ ಆರಂಭದ ಸಿಡಿತವೇ ಬಲವನ್ನು ಕಡಿದಾಗಿ ಏರಿಸುವುದು. ಬೆಲ್ಜಿಯಂನಲ್ಲಿ ವಾನ್ ಕಟ್ಸೆಮ್, ಡುಶಾಟೊ ಮತ್ತು ಎನೋ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ವಾರ ತಟ್ಟನೆ ಎಳೆಯುವ ತರಬೇತಿ ಕೊಟ್ಟಾಗ, ಹೀಗೆ ಜೋಡಿಯಾಗಿ ಸಂಕೇತ ಸಿಡಿಸುವ ಗುಂಪುಗಳ ಪಾಲು ಶೇ 5ರ ಆಸುಪಾಸಿನಿಂದ ಶೇ 33ರ ಹತ್ತಿರಕ್ಕೆ ಏರಿತ್ತು. ಅದು ಮುಂಗಾಲಿನ ಸ್ನಾಯುವಿನ ಮೇಲೆ ನಡೆದ ಪ್ರಯೋಗ. ಆದರೆ ನರ ಕಲಿಯುವ ಬಗೆಯನ್ನು ಅದು ಸ್ಪಷ್ಟವಾಗಿ ತೋರಿಸಿತು.

ನಿಮಗೆ ಇನ್ನೂ ಹೆಚ್ಚು ಉಪಯೋಗದ್ದು 1993ರ ಒಂದು ಫಲಿತಾಂಶ. ಕೆನಡಾದ ಡೇವಿಡ್ ಬೆಮ್ ಮತ್ತು ಡಿಗ್ಬಿ ಸೇಲ್ ಅದೇ ವ್ಯಕ್ತಿಗಳ ಒಂದು ಪಾದಕ್ಕೆ ವೇಗವಾಗಿ ಚಲಿಸುವ ಯಂತ್ರದಲ್ಲಿ, ಇನ್ನೊಂದು ಪಾದಕ್ಕೆ ಅಲುಗದೆ ನಿಂತ ಯಂತ್ರದಲ್ಲಿ ತರಬೇತಿ ಕೊಟ್ಟರು. ಎರಡೂ ಕಡೆ 'ಸಾಧ್ಯವಾದಷ್ಟು ಬೇಗ ಎಳೆಯಿರಿ' ಎಂಬುದೇ ಸೂಚನೆ. ಎರಡೂ ಪಾದಗಳಲ್ಲಿ ವೇಗದ ಗಳಿಕೆ ಒಂದೇ ರೀತಿ ಬಂತು. ವಸ್ತು ಅಲುಗಿತೋ ಇಲ್ಲವೋ ಮುಖ್ಯವಲ್ಲ, ತಟ್ಟನೆ ಬಿಗಿಯಬೇಕೆಂಬ ಉದ್ದೇಶ ಪ್ರತಿ ಸಲವೂ ಪೂರ್ತಿ ಇರಬೇಕು. ಹಾಗಾಗಿ ನಿಮಗೆ ದುಬಾರಿ ಸಲಕರಣೆ ಬೇಡ. ಅಲುಗದ ಒಂದು ಪೈಪು ಸಾಕು.

ಒಂದು ಎಚ್ಚರ. ಬಲವೇ ಇಲ್ಲದ ಕೈಗೆ ವೇಗ ಕಲಿಸಿ ಪ್ರಯೋಜನವಿಲ್ಲ. ಹಿಡಿದ ಮೊದಲ 0.05 ಸೆಕೆಂಡಿನಲ್ಲಿ ನರದ ಆಟ ಹೆಚ್ಚು, 0.15 ಸೆಕೆಂಡು ದಾಟಿದ ಮೇಲೆ ಗರಿಷ್ಠ ಬಲ ಎಷ್ಟಿದೆ ಎಂಬುದೇ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಜಿಮ್‌ನ ಸರಳಿಗೆ 45ರಿಂದ 60 ಸೆಕೆಂಡು ಜೋತು ಬೀಳಲು ಆಗದವರು, ಎರಡೂ ಕೈಯಲ್ಲಿ ತಲಾ ತಮ್ಮ ತೂಕದ ಮೂರನೇ ಒಂದು ಭಾಗ ಹಿಡಿದು 30 ಮೀಟರ್ ನಡೆಯಲು ಆಗದವರು ಮೊದಲು ಎರಡು ತಿಂಗಳು ಭಾರ ಹಿಡಿಯುವ ಕೆಲಸವನ್ನಷ್ಟೇ ಮಾಡಲಿ. ನಿಮ್ಮ ವಿವರಣೆ ನೋಡಿದರೆ ಆ ಬುನಾದಿ ನಿಮಗಿದೆ ಅನಿಸುತ್ತದೆ. ಆದರೂ ಒಮ್ಮೆ ಪರೀಕ್ಷಿಸಿಕೊಳ್ಳಿ.

ಗ್ರಿಪ್ಪರ್ ಏಕೆ ಕೈಕೊಟ್ಟಿತು

ಎರಡು ಕಾರಣ. ಗ್ರಿಪ್ಪರಿನ ಸ್ಪ್ರಿಂಗ್ ಶುರುವಿನಲ್ಲಿ ಹಗುರ, ಹಿಡಿಗಳು ಹತ್ತಿರ ಬಂದಂತೆ ಗಟ್ಟಿ. 40 ಕೆ.ಜಿ. ಎಂದು ಬರೆದಿದ್ದರೆ ಆ ಭಾರ ಸಿಗುವುದು ಕೊನೆಯಲ್ಲಿ ಮಾತ್ರ, ಮುಷ್ಟಿ ಹೆಚ್ಚುಕಡಿಮೆ ಮುಚ್ಚಿದ ಮೇಲೆ. ನಿಮಗೆ ಬಲ ಬೇಕಿರುವುದು ಕೈ ಅಗಲವಾಗಿ ತೆರೆದಿರುವಾಗ.

ಎರಡನೆಯದು ಅಳತೆ. ದಾರ ತೆಗೆದುಕೊಂಡು ನಿಮ್ಮ ತಂಡದವರ ಕಾಲನ್ನು ಹರಡಿನ ಮೇಲುಗಡೆ, ಅತಿ ಸಪೂರವಾದ ಜಾಗದಲ್ಲಿ ಸುತ್ತಿ ಅಳೆಯಿರಿ. ಬಹುತೇಕರದು 21ರಿಂದ 24 ಸೆಂ.ಮೀ. ಬರುತ್ತದೆ. ಅಂದರೆ ಅಡ್ಡಳತೆ ಸುಮಾರು 6.7ರಿಂದ 7.6 ಸೆಂ.ಮೀ. ಒಂದು ಕೈಯ ಬೆರಳು ಅದನ್ನು ಪೂರ್ತಿ ಸುತ್ತಿ ಬರುವುದಿಲ್ಲ, ಹೆಬ್ಬೆರಳಿಗೂ ಉಳಿದ ಬೆರಳುಗಳ ತುದಿಗೂ ನಡುವೆ ಸಂದು ಉಳಿಯುತ್ತದೆ. ಕಾಲು ಜಾರುವುದು ಯಾವಾಗಲೂ ಆ ಸಂದಿನಿಂದಲೇ. ಸ್ನಾಯುವಿನ ಬಲ ಅದು ಎಷ್ಟು ಉದ್ದಕ್ಕೆ ಚಾಚಿದೆ ಎಂಬುದರ ಮೇಲೆ ನಿಂತಿದೆ, ಮುಚ್ಚಿದ ಮುಷ್ಟಿಯಲ್ಲಿ ಗಳಿಸಿದ ಬಲ ತೆರೆದ ಕೈಗೆ ಪೂರ್ತಿಯಾಗಿ ದಾಟುವುದಿಲ್ಲ. ಫಿಸಿಯೋಥೆರಪಿ ಕ್ಲಿನಿಕ್‌ಗಳಲ್ಲಿ ಹಿಡಿತ ಅಳೆಯುವ ಜಮಾರ್ ಡೈನಮೋಮೀಟರ್ ಇರುತ್ತದೆ. ಅದರ ಹಿಡಿಯನ್ನು ಐದು ಅಗಲಗಳಲ್ಲಿ ಕೂರಿಸಬಹುದು, ಸಾಮಾನ್ಯವಾಗಿ ಅಳೆಯುವುದು ಎರಡನೆಯದರಲ್ಲಿ. ಅವಕಾಶ ಸಿಕ್ಕರೆ ಎರಡನೆಯ ಮತ್ತು ಐದನೆಯ ಅಗಲ ಎರಡರಲ್ಲೂ ಅಳೆಸಿಕೊಳ್ಳಿ. ಐದನೆಯದರಲ್ಲಿ ಎಲ್ಲರಿಗೂ ಅಂಕಿ ಇಳಿಯುತ್ತದೆ. ತಿಂಗಳುಗಳ ಅಭ್ಯಾಸದ ನಂತರ ಏರಬೇಕಾದದ್ದು ಆ ಐದನೆಯ ಅಂಕಿ.

ಮಣಿಕಟ್ಟು ಮಡಿದರೆ ಎಲ್ಲ ಹೋಯಿತು

ಬೆರಳಿನ ಅಭ್ಯಾಸಕ್ಕಿಂತ ಮೊದಲು ಇದನ್ನು ನೋಡಿಕೊಳ್ಳಿ. ಈಗಲೇ ಮಣಿಕಟ್ಟನ್ನು ಅಂಗೈ ಕಡೆಗೆ ಪೂರ್ತಿ ಮಡಿಸಿ, ಹಾಗೇ ಮುಷ್ಟಿ ಬಿಗಿಯಲು ಯತ್ನಿಸಿ. ಆಗುವುದಿಲ್ಲ. ಬೆರಳು ಮಡಿಸುವ ದೊಡ್ಡ ಸ್ನಾಯುಗಳಿರುವುದು ಮುಂಗೈಯಲ್ಲಿ, ಬೆರಳಲ್ಲಿ ಸ್ನಾಯುವೇ ಇಲ್ಲ. ಅವುಗಳ ರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ಹಾದು ಬೆರಳು ಸೇರುತ್ತವೆ. ಮಣಿಕಟ್ಟು ಒಳಕ್ಕೆ ಮಡಿದರೆ ಆ ಹುರಿಗಳೆಲ್ಲ ಸಡಿಲ. ಎದುರಾಳಿಯ ಹಿಡಿತ ಬಿಡಿಸಲು ಕುಸ್ತಿಯವರು ಅವನ ಮಣಿಕಟ್ಟನ್ನು ಮಡಿಸುವುದು ಇದಕ್ಕೇ.

ಮಣಿಕಟ್ಟು ಹಿಂಬದಿಗೆ 20ರಿಂದ 35 ಡಿಗ್ರಿ ಬಾಗಿದ್ದಾಗ ಹಿಡಿತ ಅತಿ ಗಟ್ಟಿ. ಬಾಗಿಲನ್ನು ಅಂಗೈಯಿಂದ ಮೆಲ್ಲನೆ ನೂಕಲು ಹೊರಟಾಗ ಕೈ ಎಷ್ಟು ಹಿಂದಕ್ಕೆ ಬಾಗುತ್ತದೋ ಅದರ ಅರ್ಧ ಎಂದುಕೊಳ್ಳಿ. ಅದನ್ನು ಆ ಸ್ಥಿತಿಯಲ್ಲಿ ಕಟ್ಟಿ ನಿಲ್ಲಿಸುವುದು ಮುಂಗೈಯ ಹೊರಬದಿಯ ಸ್ನಾಯುಗಳು. ಗ್ರಿಪ್ಪರ್ ಮಾತ್ರ ಒತ್ತುವವರಲ್ಲಿ ಒಳಬದಿ ಬೆಳೆದು ಹೊರಬದಿ ಹಿಂದೆ ಬೀಳುತ್ತದೆ. ಎಳೆತ ಬಂದ ಕ್ಷಣ ಮಣಿಕಟ್ಟು ಒಳಕ್ಕೆ ಕುಸಿಯುತ್ತದೆ, ಬೆರಳು ತಾವಾಗಿ ಬಿಚ್ಚುತ್ತವೆ. ನಿಮ್ಮ ಒಂದು ಟ್ಯಾಕಲ್ ಅನ್ನು ಬದಿಯಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆಸಿ ನೋಡಿ. ಕಾಲು ಜಾರುವ ಮುನ್ನ ಮಣಿಕಟ್ಟು ಮಡಿಯುತ್ತಿದ್ದರೆ ಅರ್ಧ ಕಾಯಿಲೆ ಅಲ್ಲೇ ಸಿಕ್ಕಂತೆ.

ನೋವಿನ ವಿಷಯ

ಬೆರಳು ಮತ್ತು ಮಣಿಕಟ್ಟನ್ನು ಮಡಿಸುವ ಹಲವು ಸ್ನಾಯುಗಳು ಮೊಣಕೈ ಒಳಬದಿಯ ಮೂಳೆಯ ಉಬ್ಬಿಗೆ ಅಂಟಿಕೊಂಡಿವೆ. ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ, ರಜ್ಜು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಬಿಡುವಿಲ್ಲದೆ ದಿನಕ್ಕೆ ಇನ್ನೂರು ಒತ್ತು ಬಿದ್ದರೆ ರಜ್ಜು ಅಂಟಿದ ಜಾಗ ಮೊದಲು ಸೋಲುತ್ತದೆ. 'ಗಾಲ್ಫರ್ಸ್ ಎಲ್ಬೋ' ಎನ್ನುವುದು ಇದನ್ನೇ.

ಪೂರ್ತಿ ವಿಶ್ರಾಂತಿಯೂ ಇದಕ್ಕೆ ಮದ್ದಲ್ಲ. ಮೊದಲ ವಾರ ಮೇಜಿನ ಮೇಲೆ ಮುಂಗೈ ಇಟ್ಟು, ಅಂಗೈ ಮೇಲ್ಮುಖವಾಗಿ, 2 ಕೆ.ಜಿ. ಡಂಬೆಲ್ ಹಿಡಿದು ಅಲುಗಿಸದೆ 30ರಿಂದ 45 ಸೆಕೆಂಡು ನಿಲ್ಲಿಸಿ. ಹೀಗೆ ನಾಲ್ಕು ಸಲ, ದಿನಕ್ಕೊಮ್ಮೆ. ಎರಡನೆಯ ವಾರದಿಂದ ಅದೇ ಭಾರವನ್ನು ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ, ನಾಲ್ಕು ಸೆಕೆಂಡು ತೆಗೆದುಕೊಂಡು ಇಳಿಸಿ: 15ರ ಮೂರು ಸೆಟ್, ದಿನ ಬಿಟ್ಟು ದಿನ. ನೋವು ಹತ್ತರಲ್ಲಿ ಮೂರರೊಳಗಿದ್ದು ಮರುದಿನ ಬೆಳಿಗ್ಗೆ ಹೆಚ್ಚಿರದಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಕಿರುಬೆರಳು, ಉಂಗುರ ಬೆರಳಿಗೆ ಜೋಮು ಬರುತ್ತಿದ್ದರೆ ಅದು ಮೊಣಕೈ ಹಿಂದೆ ಹಾಯುವ ನರದ ತೊಂದರೆ ಇರಬಹುದು. ಆಗ ವೈದ್ಯರನ್ನು ಕಾಣದೆ ಯಾವ ಅಭ್ಯಾಸವೂ ಬೇಡ.

ಪೈಪು ತಯಾರಿಸಿಕೊಳ್ಳುವುದು

ಹಾರ್ಡ್‌ವೇರ್ ಅಂಗಡಿಯಲ್ಲಿ 75 ಎಂ.ಎಂ. ಪಿವಿಸಿ ಪೈಪು ಕೇಳಿ. ಅದರ ಸುತ್ತಳತೆ 23.5 ಸೆಂ.ಮೀ., ಕಾಲಿನ ಅಳತೆಗೆ ಇಷ್ಟು ಹತ್ತಿರದ ಸಲಕರಣೆ ಯಾವ ಕ್ರೀಡಾ ಅಂಗಡಿಯಲ್ಲೂ ಸಿಗುವುದು ಕಷ್ಟ. ಕೈ ಚಿಕ್ಕದಿರುವವರು, ಹೊಸಬರು 63 ಎಂ.ಎಂ.ನಿಂದ ಶುರುಮಾಡಬಹುದು. 60 ಸೆಂ.ಮೀ. ಉದ್ದದ ಎರಡು ತುಂಡು ಬೇಕು. ಕೊಯ್ದ ಅಂಚನ್ನು ಮರಳು ಕಾಗದದಿಂದ ಉಜ್ಜಿ, ಇಲ್ಲವಾದರೆ ಅಂಗೈ ಸೀಳುತ್ತದೆ.

ಮೊದಲ ತುಂಡಿನ ಒಂದು ಬಾಯಿಗೆ ಎಂಡ್ ಕ್ಯಾಪನ್ನು ಸಾಲ್ವೆಂಟ್ ಹಾಕಿ ಅಂಟಿಸಿ, ಒಂದು ದಿನ ಬಿಟ್ಟು ಒಣ ಮರಳು ತುಂಬಿ. ಪೂರ್ತಿ ತುಂಬಿದರೆ 4 ಕೆ.ಜಿ. ಆಸುಪಾಸು ಬರುತ್ತದೆ. ಶುರುವಿಗೆ ಕಾಲು ಭಾಗ ಮರಳು ಹಾಕಿ, ಉಳಿದ ಜಾಗಕ್ಕೆ ಹಳೆ ಬಟ್ಟೆ ತುರುಕಿ, ಇನ್ನೊಂದು ಕ್ಯಾಪನ್ನು ಅಂಟಿಸದೆ ಗಟ್ಟಿಯಾಗಿ ಟೇಪ್ ಸುತ್ತಿ. ಮುಂದೆ ತೂಕ ಹೆಚ್ಚಿಸಬೇಕಲ್ಲ. ಒದ್ದೆ ಮರಳು ಬೇಡ, ಒಂದೇ ಕಡೆ ಗಟ್ಟಿಯಾಗಿ ಕೂತು ಪೈಪು ಓಲಾಡುತ್ತದೆ. ಪೈಪಿನ ಮೇಲೆ ಸೆಂ.ಮೀ.ಗೊಂದು ಗೆರೆ ಮಾರ್ಕರಿನಿಂದ ಎಳೆಯಿರಿ.

ಎರಡನೆಯ ತುಂಡಿನೊಳಗೆ ಗಟ್ಟಿ ಹಗ್ಗ ಹಾಯಿಸಿ, ಎರಡೂ ತುದಿ ಕೆಳಗಿಳಿಸಿ ಮರಳು ತುಂಬಿದ ಗೋಣಿಚೀಲಕ್ಕೆ ಕಟ್ಟಿ. ಪೈಪನ್ನು ಅಡ್ಡಲಾಗಿ ಹಿಡಿದರೆ ಅದು ಕೈಯಲ್ಲಿ ಉರುಳಲು ನೋಡುತ್ತದೆ. ಉರುಳದಂತೆ ತಡೆಯುವುದೇ ಭಾರದ ದಿನದ ಕೆಲಸ.

ಪೈಪಿಗೆ ಸೈಕಲ್ ಟ್ಯೂಬ್ ಸುತ್ತುವವರಿದ್ದಾರೆ. ರಬ್ಬರು ನಿಮ್ಮ ಕೆಲಸವನ್ನು ತಾನೇ ಮಾಡಿಬಿಡುತ್ತದೆ, ಸುತ್ತಬೇಡಿ. ಬೆವರಿದ ಚರ್ಮಕ್ಕೆ ನುಣುಪು ಪಿವಿಸಿಯೇ ಹತ್ತಿರ.

ಅಭ್ಯಾಸ

ತಟ್ಟನೆ ಹಿಂಡುವುದು ಎಲ್ಲಕ್ಕೂ ತಳಹದಿ. ಮರಳಿನ ಪೈಪನ್ನು ತೊಡೆಗಳ ನಡುವೆ ನೆಟ್ಟಗೆ ಸಿಕ್ಕಿಸಿ ಕೂತುಕೊಳ್ಳಿ. ಕೈಯನ್ನು ಅದರ ಸುತ್ತ ಇಡಿ, ಆದರೆ ಬೆರಳು ಪೂರ್ತಿ ಸಡಿಲವಿರಲಿ. ಇದು ಸಣ್ಣ ಮಾತಲ್ಲ. ಮೊದಲೇ ಅರೆಬರೆ ಬಿಗಿದ ಸ್ನಾಯುವಿನಲ್ಲಿ ಆ ಆರಂಭದ ಸಿಡಿತ ಕುಂದುತ್ತದೆ, ಬಲದ ಏರಿಕೆ ಮಂದವಾಗುತ್ತದೆ. ಕಾಲಿಗೆ ಕಾದು ನಿಂತಿರುವಾಗ ಬೆರಳುಗಳನ್ನು ಕಲ್ಲಿನಂತೆ ಬಿಗಿದಿಟ್ಟುಕೊಳ್ಳುವ ಕಾರ್ನರ್ ಆಟಗಾರರು ಬಹಳ ಮಂದಿ, ಅವರ ಕೈ ಎರಡು ಬಗೆಯಲ್ಲಿ ತಡವಾಗುತ್ತದೆ: ತೆರೆಯುವುದೂ ತಡ, ಏರುವುದೂ ತಡ. ಸಡಿಲ ಕೈಯಿಂದ ಒಮ್ಮೆಲೇ, ಪೈಪು ಪುಡಿಯಾಗಲಿ ಎಂಬಂತೆ, ಒಂದು ಸೆಕೆಂಡು ಹಿಂಡಿ. ಪೂರ್ತಿ ಬಿಡಿ. ಐದು ಸೆಕೆಂಡು ಕಾಯಿರಿ. ಮತ್ತೆ. ಐದು ಹಿಂಡಿಗೆ ಒಂದು ಸೆಟ್, ಒಂದು ಕೈಗೆ ನಾಲ್ಕು ಸೆಟ್, ನಡುವೆ ಎರಡು ನಿಮಿಷ. ಒಟ್ಟು ಇಪ್ಪತ್ತು ಹಿಂಡು. ಇನ್ನೂರು ಮಾಡಿ ಅಭ್ಯಾಸವಾದವರಿಗೆ ಇದು ಏನೂ ಮಾಡಿದಂತೆ ಅನಿಸುವುದಿಲ್ಲ, ಮುಂಗೈ ಉಬ್ಬುವುದೂ ಇಲ್ಲ. ಉಬ್ಬಿ ಉರಿ ಬಂದರೆ ವಿರಾಮ ಸಾಲಲಿಲ್ಲ ಎಂದರ್ಥ. ಕಿರುಬೆರಳು, ಉಂಗುರ ಬೆರಳು ಮೊದಲು ಕಚ್ಚುವಂತೆ ಗಮನ ಕೊಡಿ. ಹೆಚ್ಚಿನವರು ಹೆಬ್ಬೆರಳು ತೋರುಬೆರಳನ್ನಷ್ಟೇ ಬಿಗಿದು ಉಳಿದದ್ದನ್ನು ಹಾಗೇ ಬಿಡುತ್ತಾರೆ. ಉಸಿರು ಕಟ್ಟಬೇಡಿ, ಹಿಂಡುವಾಗ 'ಹಾ' ಎಂದು ಬಿಡಿ. ರಕ್ತದೊತ್ತಡ ಇರುವವರು ಈ ಗರಿಷ್ಠ ಹಿಂಡುವಿಕೆಯನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಮೂರು ವಾರ ಇದು ನೋವಿಲ್ಲದೆ ಸಾಗಿದ ಮೇಲೆ ಬಿಟ್ಟು ಹಿಡಿಯುವುದನ್ನು ಸೇರಿಸಿ. ಕಬಡ್ಡಿಗೆ ಇದಕ್ಕಿಂತ ಹತ್ತಿರದ ಒಂಟಿ ಅಭ್ಯಾಸ ಇಲ್ಲ. ಮರಳು ಕಡಿಮೆ ಇರುವ ಪೈಪನ್ನು (ಒಂದೂವರೆ ಕೆ.ಜಿ.) ಎದೆಯ ಎತ್ತರದಲ್ಲಿ ನೆಟ್ಟಗೆ ಹಿಡಿದು ಬಿಡಿ, 15-20 ಸೆಂ.ಮೀ. ಬಿದ್ದಾಗ ಅದೇ ಕೈಯಲ್ಲಿ ಹಿಡಿಯಿರಿ. ಶೂ ಹಾಕಿರಿ, ಪಾದ ಹಿಂದಿರಲಿ, ಕೆಳಗೆ ಮಣ್ಣು ಅಥವಾ ಮ್ಯಾಟ್ ಇರಲಿ. ಕೈಯಲ್ಲಿ ಏನಾಗುತ್ತಿದೆ ಎಂಬುದಕ್ಕೆ ಒಂದು ಲೆಕ್ಕ: 20 ಸೆಂ.ಮೀ. ಬಿದ್ದ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. 4 ಕೆ.ಜಿ. ಪೈಪನ್ನು 5 ಸೆಂ.ಮೀ. ಒಳಗೆ ನಿಲ್ಲಿಸಿದರೆ ಬೆರಳುಗಳ ಮೇಲೆ ಸರಾಸರಿ 20 ಕೆ.ಜಿ.ಯ ಎಳೆತ, ಅದೂ 0.05 ಸೆಕೆಂಡಿನಲ್ಲಿ. ಅದೇ ಪೈಪನ್ನು ಮೊಣಕೈ ಬಿಟ್ಟುಕೊಟ್ಟು 20 ಸೆಂ.ಮೀ. ಇಳಿಸುತ್ತಾ ನಿಲ್ಲಿಸಿದರೆ ಎಳೆತ 8 ಕೆ.ಜಿ. ಮಾತ್ರ. ಹಾಗಾಗಿ ಮೊದಲ ವಾರಗಳಲ್ಲಿ ಕೈ ಪೈಪಿನ ಜೊತೆ ಕೆಳಗಿಳಿಯಲಿ, ರಜ್ಜು ಒಗ್ಗಿದ ಮೇಲೆ ನಿಲ್ಲಿಸುವ ದೂರ ಕಡಿಮೆ ಮಾಡಿ. ತೂಕ ಹೆಚ್ಚಿಸುವ ಮುಂಚೆ ದೂರ ಕಡಿಮೆ ಮಾಡುವುದು ಒಳ್ಳೆಯ ಕ್ರಮ. ಐದು ಹಿಡಿತದ ನಾಲ್ಕು ಸೆಟ್. ಯಾವ ಸೆಟ್‌ನಲ್ಲಿ ಪೈಪು ಹಿಂದಿನದಕ್ಕಿಂತ ಹೆಚ್ಚು ಜಾರತೊಡಗುತ್ತದೋ ಅಲ್ಲಿಗೆ ಆ ದಿನದ್ದು ಮುಗಿಯಿತು. ದಣಿದ ಮೇಲೆ ಮಾಡುವ ಪ್ರತಿ ಹಿಡಿತ ನಿಧಾನ ಹಿಡಿತದ ಅಭ್ಯಾಸ.

ಮೂರು ವಾರದ ಮೇಲೆ ಪೈಪನ್ನು ಜೊತೆಗಾರ ಹಿಡಿದಿರಲಿ, ಹೇಳದೆ ಕೇಳದೆ ಬಿಡಲಿ. 30 ಸೆಂ.ಮೀ. ಸ್ಕೇಲ್ ಬಿಟ್ಟು ಹಿಡಿಯುವ ಆಟ ಶಾಲೆಯಲ್ಲಿ ಆಡಿರುತ್ತೀರಿ. 20 ಸೆಂ.ಮೀ.ನಲ್ಲಿ ಹಿಡಿದರೆ 0.2 ಸೆಕೆಂಡು, 15ರಲ್ಲಿ ಹಿಡಿದರೆ 0.175. ಅದು ಅಳೆಯುವುದು ಚುರುಕನ್ನು. ಸ್ಕೇಲಿಗೆ ತೂಕವಿಲ್ಲದ ಕಾರಣ ಬಲ ಎಷ್ಟು ಬೇಗ ಏರಿತು ಎಂಬುದು ಅದರಲ್ಲಿ ಕಾಣುವುದಿಲ್ಲ. ಪೈಪಿನಲ್ಲಿ ಎರಡೂ ಕಾಣುತ್ತವೆ. ಬೆರಳು ತಾಗಿದ ಗೆರೆಯಿಂದ ಪೈಪು ನಿಂತ ಗೆರೆಯವರೆಗಿನ ದೂರವೇ ನಿಮ್ಮ ಪ್ರಗತಿ ಪತ್ರ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಸ್ಲೋ ಮೋಷನ್ ಇದ್ದರೆ ಒಂದೊಂದು ಫ್ರೇಮ್ 0.004 ಸೆಕೆಂಡು. ಹದಿನೈದು ದಿನಕ್ಕೊಮ್ಮೆ, ಒಂದೇ ತೂಕದಲ್ಲಿ, ಐದು ಹಿಡಿತ ತೆಗೆದು ನಡುವಿನ ಅಂಕಿ ಬರೆದಿಡಿ.

ಆಮೇಲೆ ಜೊತೆಗಾರನ ಕಾಲು. ಅವನು ಕಾಲು ಮುಂದಿಡಲಿ, ನಿಮ್ಮ ಕೈ ತಾಗಿದ ಕ್ಷಣ ಅರ್ಧ ಜೋರಿನಲ್ಲಿ ಎಳೆದುಕೊಳ್ಳಲಿ. ಎಂಟು ಸಲ ಸಾಕು. ಮುಂದಿನ ವಾರಗಳಲ್ಲಿ ಜೋರು ಹೆಚ್ಚಲಿ. ಇಲ್ಲಿ ನೋಡಬೇಕಾದ್ದು ಮಣಿಕಟ್ಟು ಮಡಿಯದಿರುವುದು, ಮೊಣಕೈ ಪಕ್ಕೆಗೆ ಹತ್ತಿರವಿರುವುದು, ಕಾಲು ಎದೆಗೆ ಬರುವುದು. ಕೈ ಚಾಚಿದ ಸ್ಥಿತಿಯಲ್ಲೇ ಎಳೆತ ತಡೆಯಲು ಹೋದರೆ ಬೆರಳಿನ ಬಲವೊಂದೇ ಕೆಲಸ ಮಾಡಬೇಕು, ಅದು ತೊಡೆಯ ಬಲದ ಮುಂದೆ ನಿಲ್ಲುವುದಿಲ್ಲ. ಬೆರಳಿನ ಕೆಲಸ ಕಾಲನ್ನು ಎದೆ ಸೇರುವವರೆಗೆ ಬಿಡದಿರುವುದು ಅಷ್ಟೇ. ಎರಡು ಅಂಗೈಗಳಲ್ಲಿ ಒಂದರ ಸಂದು ಒಂದು ಕಡೆ, ಇನ್ನೊಂದರದು ಎದುರು ಕಡೆ ಇರುವಂತೆ ಹಾಕಿದರೆ ಕಾಲಿಗೆ ಜಾರುವ ದಾರಿ ಮುಚ್ಚುತ್ತದೆ.

ಭಾರದ ದಿನ ಬೇರೆ. ಗೋಣಿಚೀಲದ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ನಿಂತು 10 ಸೆಕೆಂಡು. 15 ಸೆಕೆಂಡು ನಿಲ್ಲಲು ಆಗದಷ್ಟು ಮರಳಿರಲಿ. ಐದು ಸಲ, ನಡುವೆ ಎರಡರಿಂದ ಮೂರು ನಿಮಿಷ. ಬೆನ್ನು ನೇರವಾಗಿಟ್ಟು ಮೊಣಕಾಲು ಮಡಿಸಿ ಎತ್ತಿ, ಅಥವಾ ಚೀಲವನ್ನು ಸ್ಟೂಲಿನ ಮೇಲಿಟ್ಟು ಶುರುಮಾಡಿ.

ಮುಂಗೈಯ ಹೊರಬದಿಗೆ ತರಕಾರಿ ಕಟ್ಟುವ ರಬ್ಬರ್ ಬ್ಯಾಂಡ್ ಎರಡು ಮೂರನ್ನು ಐದು ಬೆರಳ ತುದಿಗೆ ಹಾಕಿ ಬಿಚ್ಚುವುದು, 25ರ ಮೂರು ಸೆಟ್. ಜೊತೆಗೆ ಅಂಗೈ ಕೆಳಮುಖವಾಗಿಟ್ಟು 2-3 ಕೆ.ಜಿ. ಡಂಬೆಲ್‌ನಲ್ಲಿ ಮಣಿಕಟ್ಟು ಎತ್ತುವುದು, 15ರ ಮೂರು ಸೆಟ್. ಇವೆರಡನ್ನು ಬಿಡುವವರೇ ಹೆಚ್ಚು, ನೋವು ಬರುವುದೂ ಅವರಿಗೇ ಹೆಚ್ಚು.

ಊರಿನಲ್ಲಿ ಗರಡಿಮನೆ ಇದ್ದರೆ ಗದೆ ತಿರುಗಿಸುವುದನ್ನು ಕಲಿಯಿರಿ. ಗದೆ ಬೆನ್ನ ಹಿಂದೆ ಇಳಿದು ತಿರುವು ತೆಗೆದುಕೊಳ್ಳುವಾಗ ಕೈ ತಾನಾಗಿ ಬಿಗಿಯಬೇಕು, ಮೇಲೆ ಬಂದಾಗ ಸಡಿಲಾಗಬೇಕು. ಈ ಬಿಗಿ-ಸಡಿಲದ ಲಯವನ್ನು ಯಾವ ಗ್ರಿಪ್ಪರೂ ಕಲಿಸುವುದಿಲ್ಲ. ಉಸ್ತಾದರ ಕಣ್ಣೆದುರು, ಹಗುರ ಗದೆಯಿಂದಲೇ ಶುರುವಾಗಲಿ.

ವಾರದಲ್ಲಿ ಹೊಂದಿಸುವುದು

ಮೊದಲ ಮೂರು ವಾರ ಮೊಣಕೈ ಆರೈಕೆ ಮತ್ತು ರಬ್ಬರ್ ಬ್ಯಾಂಡ್ ಮಾತ್ರ. ನಾಲ್ಕರಿಂದ ಆರನೆಯ ವಾರ ಸೋಮವಾರ, ಗುರುವಾರ ತಟ್ಟನೆ ಹಿಂಡುವುದು, ಶನಿವಾರ ಭಾರ ಹಿಡಿಯುವುದು. ಏಳನೆಯ ವಾರದಿಂದ ಸೋಮವಾರ ಹಿಂಡುವುದರ ಅರ್ಧವನ್ನು ಬಿಟ್ಟು ಹಿಡಿಯುವುದಕ್ಕೆ ಕೊಡಿ. ಹತ್ತನೆಯ ವಾರದಿಂದ ಗುರುವಾರ ಜೊತೆಗಾರನ ಕಾಲು. ವೇಗದ ಕೆಲಸ ಯಾವತ್ತೂ ಮೈ ಬಿಸಿಯಾದ ಮೇಲೆ, ಆದರೆ ಮ್ಯಾಟ್ ಅಭ್ಯಾಸದಿಂದ ದಣಿಯುವ ಮುಂಚೆ. ಎರಡು ವೇಗದ ದಿನಗಳ ನಡುವೆ ಕನಿಷ್ಠ 48 ಗಂಟೆ ಇರಲಿ. ಟೂರ್ನಿ ಇರುವ ವಾರ ಭಾರದ ದಿನ ಬೇಡ, ಹಿಂಡುವುದು ಒಂದೇ ದಿನ, ಎರಡೇ ಸೆಟ್.

ಗ್ರಿಪ್ಪರನ್ನು ಮತ್ತೆ ಬಳಸಲೇಬೇಕು ಅನಿಸಿದರೆ ಎಂಟನೆಯ ವಾರದ ನಂತರ, 15ರಿಂದ 20 ಸಲ ಶುದ್ಧವಾಗಿ ಮುಚ್ಚಲು ಆಗುವಂಥದ್ದನ್ನು ತೆಗೆದುಕೊಂಡು, ಮೂರೇ ಸಲ ತಟ್ಟನೆ ಮುಚ್ಚಿ ಬಿಡಿ. ಒಂದೂವರೆ ನಿಮಿಷದ ವಿರಾಮದಲ್ಲಿ ಐದು ಸೆಟ್, ವಾರಕ್ಕೊಮ್ಮೆ. ಹಿಡಿಗಳು ಟಕ್ ಎಂದು ಬಡಿದು ನಿಲ್ಲುವ ಲೋಹದ ಗ್ರಿಪ್ಪರಿಗಿಂತ ಪ್ಲಾಸ್ಟಿಕ್ ಹಿಡಿಯದು ಈ ಕೆಲಸಕ್ಕೆ ವಾಸಿ.

ಯಾವಾಗ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು

ಬೆಳಿಗ್ಗೆ ಎದ್ದಾಗ ಬೆರಳು ಮಡಿದಲ್ಲೇ ಸಿಕ್ಕಿಕೊಂಡು ಟಕ್ ಎಂದು ಬಿಚ್ಚುತ್ತಿದ್ದರೆ ಅದು ಟ್ರಿಗರ್ ಫಿಂಗರ್. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ರಾತ್ರಿ ಜೋಮು ಹಿಡಿದರೆ ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತುತ್ತಿದೆ. ಇವೆರಡಕ್ಕೂ ಕೆಲ ದಿನ ಕಾದು ನೋಡಬಹುದು.

ಕಾಯಬಾರದ್ದು ಒಂದಿದೆ, ಹಿಡಿಯುವ ಆಟ ಆಡುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಮಡಿದ ಬೆರಳನ್ನು ಎದುರಾಳಿಯ ಚಡ್ಡಿಯ ಅಂಚೋ ಕಾಲುಚೀಲವೋ ರಭಸದಿಂದ ಎಳೆದು ನೆಟ್ಟಗೆ ಮಾಡಿದಾಗ, ಬೆರಳ ತುದಿಗೆ ಅಂಟಿದ ರಜ್ಜು ಮೂಳೆಯಿಂದ ಕಿತ್ತು ಬರಬಹುದು. ಹೆಚ್ಚಾಗಿ ಉಂಗುರ ಬೆರಳಿಗೆ ಹೀಗಾಗುತ್ತದೆ. ಊತ, ನೋವು ಇಳಿದ ಮೇಲೆ ಉಳುಕು ಎಂದುಕೊಂಡು ಸುಮ್ಮನಾಗುವವರು ಬಹಳ. ಪರೀಕ್ಷೆ ಸುಲಭ: ಬೆರಳಿನ ನಡುಗೆಣ್ಣನ್ನು ಇನ್ನೊಂದು ಕೈಯಲ್ಲಿ ನೆಟ್ಟಗೆ ಹಿಡಿದು ತುದಿಯನ್ನು ಮಾತ್ರ ಮಡಿಸಿ ನೋಡಿ. ಸ್ವಲ್ಪವೂ ಮಡಿಯದಿದ್ದರೆ ಎಣ್ಣೆ ತಿಕ್ಕಿಸಿಕೊಳ್ಳಲು, ಎಳೆಸಿ ಕೂರಿಸಿಕೊಳ್ಳಲು ಹೋಗಬೇಡಿ. ಕೈಯ ಶಸ್ತ್ರಚಿಕಿತ್ಸೆ ಬಲ್ಲ ಮೂಳೆ ವೈದ್ಯರು ಅಥವಾ ಪ್ಲಾಸ್ಟಿಕ್ ಸರ್ಜನ್ ಅವರನ್ನು ಅದೇ ವಾರದೊಳಗೆ ಕಾಣಿರಿ. ಕಿತ್ತ ರಜ್ಜು ಅಂಗೈಗೆ ಸರಿದು ಹೋಗಿದ್ದರೆ ವಾರ ಹತ್ತು ದಿನ ದಾಟಿದ ಮೇಲೆ ಅದನ್ನು ಮತ್ತೆ ಅದರ ಜಾಗಕ್ಕೆ ತಂದು ಹೊಲಿಯುವುದು ಕಷ್ಟವಾಗುತ್ತದೆ.

ಪಂದ್ಯದ ದಿನಕ್ಕೆ ಇಷ್ಟು ಮಾಡಿ. ತಣ್ಣಗಿನ ಕೈ ನಿಧಾನದ ಕೈ, ಹಾಗಾಗಿ ಚಳಿಗಾಲದ ರಾತ್ರಿ ಪಂದ್ಯಗಳಲ್ಲಿ ಮೈ ಜೊತೆ ಮುಂಗೈಯನ್ನೂ ಬಿಸಿಮಾಡಿಕೊಳ್ಳಿ: ಮುಷ್ಟಿ ತೆರೆದು ಮುಚ್ಚುವುದು 30 ಸಲ, ಮಣಿಕಟ್ಟು ತಿರುಗಿಸುವುದು, ಆಮೇಲೆ ಜೊತೆಗಾರನ ಮುಂಗೈಯನ್ನು ತಟ್ಟನೆ ಹಿಡಿದು ಬಿಡುವುದು ಎರಡೂ ಕೈಗೆ ಐದೈದು. ಅಂಕಣಕ್ಕೆ ಇಳಿದ ಮೇಲೆ ಪ್ರತಿ ರೈಡ್‌ಗೂ ಮುಂಚೆ ಅಂಗೈಯ ಬೆವರು ಒರೆಸಿ, ಬೆರಳುಗಳನ್ನು ಒಮ್ಮೆ ಕೊಡವಿ ಸಡಿಲ ಮಾಡಿ ನಿಲ್ಲಿ.